ಖಾರವಿಲ್ಲದ ಮಸಾಲೆ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು ನಾನು. ನನ್ನ ಗಂಡನಿಗೆ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಒಣಗಿದ ಕಾಯಿಯನ್ನು ಬೆರಳಲ್ಲಿ ಮುರಿದು ನಾಲಿಗೆಗೆ ಮುಟ್ಟಿಸಿ, ಯಾವ ಕಡೆಯ ಹೊಲದ್ದೆಂದು ಹೇಳುವ ಮನುಷ್ಯ. ಅವರ ಬಾಯಿಗೇ ಹುಣ್ಣಾಯಿತು. ಪ್ರಾಯದಿಂದಲೂ ತಂಬಾಕು ಒತ್ತಿಟ್ಟುಕೊಂಡ ಕೆನ್ನೆ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದರು. ಕೆನ್ನೆಯ ಒಳಗಿನ ಮಾಂಸ ಕೊಯ್ದು ತೆಗೆದರು, ಆಮೇಲೆ ಕರೆಂಟು, ಎಂದರೆ ರೇಡಿಯೇಷನ್, ಕೊಟ್ಟರು.

ಚಿಕಿತ್ಸೆ ಮುಗಿಸಿ ಊರಿಗೆ ಬಂದಾಗ ಸುಗ್ಗಿ ಶುರುವಾಗಿತ್ತು. ಆ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಹೊರಗಿನವರು ಬಸ್ಸಿಳಿದೊಡನೆ ಸೀನುತ್ತಾರೆ, ನಮಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ನನ್ನ ಗಂಡನಿಗೆ ಬರೀ ಉಸಿರು ಎಳೆದರೂ ಬಾಯಿ ಉರಿಯುತ್ತಿತ್ತು. ಅಂಗಡಿಯನ್ನು ಮೈದುನನಿಗೆ ಒಪ್ಪಿಸಿ ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದೆವು. ನನ್ನ ಹೊಲಿಗೆ ಮಷೀನೂ ಅಲ್ಲಿಗೇ ಬಂತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಬೇಳೆಕಟ್ಟಿನಲ್ಲಿ ಕಿವುಚಿದ ಅನ್ನ, ಸಂಜೆ ಮತ್ತೆ ಗಂಜಿ. ನಡುನಡುವೆ ಬಾಯಿ ತೊಳೆಸುವುದು, ಔಷಧ, ನಾನು ಹೊಲಿಯಬೇಕಾದ ಕುಪ್ಪಸಗಳ ರಾಶಿ. ಅವರು ಎರಡು ತುತ್ತು ತಿಂದು ತಟ್ಟೆ ಸರಿಸುವರು. ನಾಲಿಗೆಗೆ ರುಚಿಯೇ ಇಲ್ಲ, ಮಣ್ಣು ತಿಂದ ಹಾಗಾಗುತ್ತದೆ ಎಂದು ಕೈಸನ್ನೆಯಲ್ಲೇ ತೋರಿಸುವರು. ಮಾತೂ ಕಡಿಮೆಯಾಗಿತ್ತು. ನಾನು ತಟ್ಟೆ ಎತ್ತಿಕೊಂಡು ಹೋಗಿ ಉಳಿದದ್ದನ್ನು ನಿಂತೇ ತಿನ್ನುತ್ತಿದ್ದೆ.

ಒಮ್ಮೆ ಹುಬ್ಬಳ್ಳಿಯಲ್ಲಿ ತೋರಿಸಿಕೊಂಡು ತಿರುಗಿ ಬರುವಾಗ ಬಸ್ಸು ಹಾವೇರಿ ನಿಲ್ದಾಣದಲ್ಲಿ ನಿಂತಿತು. ಕಿಟಕಿಯಾಚೆ ಒಂದು ತಳ್ಳುಗಾಡಿ. ದೊಡ್ಡ ಬಾಣಲೆಯಲ್ಲಿ ಚಿಕನ್ ತುಂಡುಗಳನ್ನು ತಿರುವುತ್ತ ಗಾಡಿಯವನು ಬಾಟಲಿಯಿಂದ ಕರಿ ಸಾಸ್ ಸುರಿದ. ಹೊಗೆ ನಮ್ಮ ಸೀಟಿನವರೆಗೂ ಬಂತು. ಕಣ್ಣು ಮುಚ್ಚಿ ಒರಗಿದ್ದ ನನ್ನ ಗಂಡ ನೆಟ್ಟಗೆ ಕೂತರು.

"ಅದೇನ ವಾಸನಿ?" ಎಂದರು. ತೊದಲುವ ಮಾತು, ಆದರೂ ಸ್ಪಷ್ಟವಾಗಿಯೇ ಕೇಳಿತು.

"ಸೋಯಾ ಸಾಸ್ ಇರಬೇಕ್ರಿ. ಮಂಚೂರಿಗೆ ಹಾಕ್ತಾರಲ್ಲ."

"ಬಾಯಾಗ ನೀರ ಬಂತ ನೋಡ."

ಕರೆಂಟಿನಿಂದ ಅವರ ಬಾಯಲ್ಲಿ ಜೊಲ್ಲೇ ಒಣಗಿ ಹೋಗಿತ್ತು. ನೀರು ಬಂದದ್ದು ಖರೆಯೋ ಭ್ರಮೆಯೋ, ನಾನು ಕೇಳಲಿಲ್ಲ. ಬಸ್ಸು ಹೊರಟ ಮೇಲೆ ಅವರೇ ಹೇಳಿದರು, "ಕೆಂಡದ ಮ್ಯಾಲ ಸುಟ್ಟ ಕೋಳಿ ತಿನ್ನಬೇಕ ಅನ್ನಸ್ತೈತಿ."

ಮೊದಲೆಲ್ಲ ಭಾನುವಾರ ಹೊಲಕ್ಕೆ ಹೋಗಿ ಅವರೇ ಕೋಳಿ ಸುಡುತ್ತಿದ್ದರು. ನಮ್ಮ ಮೆಣಸಿನಕಾಯಿ ಅರೆದು, ಬೆಳ್ಳುಳ್ಳಿ, ನಿಂಬೆಹುಳಿ ಕಲಸಿ ಕೆಂಪಗೆ ಮೆತ್ತಿದ ಮಸಾಲೆ. ಈಗ ಅದರಲ್ಲಿ ಒಂದೂ ನಡೆಯುವಂತಿರಲಿಲ್ಲ. ಖಾರ ಬೇಡ, ಹುಳಿ ಬೇಡ, ಗಟ್ಟಿ ಪದಾರ್ಥ ಬೇಡ ಎಂದಿದ್ದರು ಡಾಕ್ಟರು.

ರಾಣೆಬೆನ್ನೂರಿನ ಕಿರಾಣಿ ಅಂಗಡಿಯಿಂದ ಸೋಯಾ ಸಾಸಿನ ಬಾಟಲಿ ತಂದೆ. ಸಾಸು, ಬೆಲ್ಲ, ಬೆಳ್ಳುಳ್ಳಿ ಕಲಸಿ ಮೂಳೆ ತೆಗೆದ ಕೋಳಿಯನ್ನು ನೆನೆಹಾಕಿ, ಹಿತ್ತಲಲ್ಲಿ ಶೆಗಡಿಗೆ ಇದ್ದಿಲು ತುಂಬಿ ಸುಟ್ಟೆ. ಅವರು ಕುರ್ಚಿ ಹಾಕಿಸಿಕೊಂಡು ಹತ್ತಿರ ಕೂತರು. ಮೊದಲ ಚೂರು ಬಾಯಿಗಿಟ್ಟದ್ದೇ ತಡ, ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಸಾಸಿನ ಉಪ್ಪು ಹುಣ್ಣಿಗೆ ತಗುಲಿತ್ತು, ಹಸಿ ಬೆಳ್ಳುಳ್ಳಿ ಚುರುಗುಟ್ಟಿಸಿತ್ತು. ಉಗುಳಿ, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋದರು.

ಉಪ್ಪು ಕಡಿಮೆಯಾಗಬೇಕು, ಆ ವಾಸನೆ ಮಾತ್ರ ಇರಬೇಕು. ನನ್ನ ನಾದಿನಿ, ಎಂದರೆ ಅವರ ಅಕ್ಕ, ಮೇಡ್ಲೇರಿಯಲ್ಲಿರುತ್ತಾರೆ. ಅವರ ಹೊಲದಲ್ಲಿ ಸೋಯಾಬೀನ್ ಬೆಳೆಯುತ್ತಾರೆ. ಅದನ್ನು ಮಾರುವುದು ಗೊತ್ತೇ ಹೊರತು ನಮ್ಮಲ್ಲಿ ಯಾರೂ ತಿಂದವರಲ್ಲ. ಒಂದು ಚೀಲ ಕಳಿಸಿರೆಂದು ಫೋನು ಮಾಡಿದೆ. ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದೆ. ಬೆಳ್ಳುಳ್ಳಿಯನ್ನೂ ಜೊತೆಗೇ ಬೇಯಿಸಿದೆ. ಎರಡನ್ನೂ ಅರೆದು, ಬೆಲ್ಲ, ಶೇಂಗಾ ಎಣ್ಣೆ, ಹಾಲಿನ ಕೆನೆ, ನೀರು ಬೆರೆಸಿ ಕುದಿಸಿದ ಸಾಸು ವಾಸನೆಗೆಂದು ಒಂದಿಷ್ಟು ಸೇರಿಸಿದೆ. ಮಾಂಸ ಮೆತ್ತಗಾಗಲೆಂದು ಹಸಿ ಪಪ್ಪಾಯಿ ತುರಿ. ಇದನ್ನು ಕೋಳಿಗೆ ಮೆತ್ತಿ ಮತ್ತೆ ಮತ್ತೆ ಸುಟ್ಟು ನೋಡಿದೆ. ಒಮ್ಮೆ ಬೆಲ್ಲ ಹೆಚ್ಚಾಗಿ ಕೆಂಡಕ್ಕೆ ಕರಕಲಾಯಿತು. ಒಮ್ಮೆ ಕಾಳು ಸರಿಯಾಗಿ ಬೇಯದೆ ಹಸಿ ಹಸಿ ನಾತ. ಮತ್ತೊಮ್ಮೆ ಎಲ್ಲ ಸರಿಯಾಗಿತ್ತು ಎಂದುಕೊಂಡೆ, ಆದರೆ ಅವರು ನೋಡಲೂ ಇಲ್ಲ, ಗೋಡೆಯ ಕಡೆ ಹೊರಳಿದರು. ನನ್ನ ಸೀರೆ, ಹಾಸಿಗೆ, ಗಿರಾಕಿಗಳ ಕುಪ್ಪಸದ ಬಟ್ಟೆಗೂ ಸೋಯಾ ವಾಸನೆ ಹತ್ತಿತ್ತು.

ನಾದಿನಿ ನೋಡಿ ಹೋಗಲು ಬಂದದ್ದು ಅಂಥದೊಂದು ಬೆಳಿಗ್ಗೆ. ನಾನು ಮಿಕ್ಸರಿನ ಮುಂದೆ ಕೂತಿದ್ದೆ. ಅವರು ಪಾತ್ರೆಯೊಳಗೆ ಇಣುಕಿ, "ಮೆಣಸಿನಕಾಯಿ ಹಾಕಲಾರದ ಇದೆಂಥಾ ಮಸಾಲಿ ಬೇ? ಇದನ್ನ ಅಂವ ಹೆಂಗ ತಿಂದಾನು?" ಎಂದರು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ದಿನ ಮಿಕ್ಸರಿನ ಮುಚ್ಚಳ ನೆಲಕ್ಕೆ ಎಸೆದೆ. "ತಿನ್ನೂದಿಲ್ರೀ ಅಕ್ಕಾರ. ಏನ್ ಮಾಡಿದ್ರೂ ತಿನ್ನೂದಿಲ್ಲ. ನನಗ ಸಾಕಾಗೈತಿ. ನಿಮ್ಮ ತಮ್ಮನ್ನ ನೀವ ನೋಡ್ಕೋರ್ರಿ." ಒಳಗೆ ಮಲಗಿದ್ದ ಅವರಿಗೂ ಕೇಳಿಸಿರಬೇಕು. ಕೇಳಿಸಲಿ ಎಂದೇ ಹೇಳಿದೆನೇನೋ.

ನಾದಿನಿ ಜಗಳಕ್ಕೆ ಬರಲಿಲ್ಲ. ಬಾಗಿ ಮುಚ್ಚಳ ಎತ್ತಿಕೊಂಡರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಎಷ್ಟ ದಿನಾತವ್ವಾ ನೀ ನಿದ್ದಿ ಮಾಡಿ? ಏಳ. ಹೋಗಿ ಮಕ್ಕೋ. ಮುಂದ ಏನ್ ಹಾಕೂದೈತಿ ಅಷ್ಟ ಹೇಳಿ ಹೋಗ."

ಹೇಳಿದೆ. ಪಕ್ಕದ ಕೋಣೆಯಲ್ಲಿ ಬಟ್ಟೆ ರಾಶಿಯ ಮೇಲೇ ಬಿದ್ದುಕೊಂಡೆ.

ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು. ಹಿತ್ತಲಲ್ಲಿ ಯಾರೋ ಜಗಳವಾಡುತ್ತಿದ್ದರು. ಗಾಬರಿಯಿಂದ ಎದ್ದು ಹೋದೆ. ಶೆಗಡಿಯ ಬಳಿ ಅಕ್ಕ ತಮ್ಮ ಎದುರುಬದುರು ಕೂತಿದ್ದರು. ನಾದಿನಿ ಸುಟ್ಟ ಕೋಳಿಯನ್ನು ಬೆರಳಲ್ಲಿ ಎಳೆ ಎಳೆ ಬಿಡಿಸಿ, ಬೇಳೆಕಟ್ಟಿನಲ್ಲಿ ಅದ್ದಿ ಕೊಡುತ್ತಿದ್ದರು. ಇವರು ಅಗಿಯುತ್ತಲೇ ಬಯ್ಯುತ್ತಿದ್ದರು.

"ಉಪ್ಪರ ಹಾಕೀಯೇನ ಇಲ್ಲ? ಸಪ್ಪಗೈತಿ!"

"ಉಪ್ಪ ಉರಿತೈತಿ ಅಂತ ನಿನ್ನ ಹೇಣ್ತಿನ ಹೇಳ್ಯಾಳ. ಸುಮ್ನ ತಿನ್ನ."

"ಸಪ್ಪಗಿದ್ದದ್ದನ್ನ ಸಪ್ಪಗೈತಿ ಅನ್ನಬಾರದೇನ?"

ಸಪ್ಪಗಿದೆ ಎಂದು ನಾಲಿಗೆಗೆ ತಿಳಿದಿದೆ ಎಂಬುದು ಹೊಳೆದು ನಾದಿನಿ ಕೈ ನಿಲ್ಲಿಸಿದರು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಅಕ್ಕ ಅಳುವುದನ್ನು ನೋಡುತ್ತ ಇವರು ತಾವೇ ಇನ್ನೊಂದು ಎಳೆ ಬಿಡಿಸಿಕೊಂಡರು.

ಆ ಹೊತ್ತಿಗೆ ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ನಾನು ಅರೆದದ್ದು, ನಾನು ಸುಟ್ಟದ್ದು ಗಂಟಲಿಗೆ ಇಳಿಯಲಿಲ್ಲ, ಅಕ್ಕನ ಕೈಯದು ಇಳಿಯಿತು ಎಂದು ಸಣ್ಣಗೆ ಹೊಟ್ಟೆ ಉರಿಯಿತು. ನಾದಿನಿಗೆ ಅದು ಕಂಡಿತೋ ಏನೋ, "ನೀ ಕಲಿಸಿದ್ದ ಮಸಾಲಿ ಐತವ್ವಾ, ಬಾ ಕುಂದರ," ಎಂದು ಮಣೆ ಸರಿಸಿದರು. ಕೂತೆ. ಒಂದು ಚೂರು ತಿಂದೆ. ಖಾರ ಉಂಡು ಬೆಳೆದ ನನ್ನ ನಾಲಿಗೆಗೆ ಅದು ಏನೂ ಅನ್ನಿಸಲಿಲ್ಲ. ಹೊಗೆಯ ವಾಸನೆ, ಒಂದಿಷ್ಟು ಸಿಹಿ. ಹೋಗಿ ಮತ್ತೆ ಮಲಗಿದೆ.

ನಾದಿನಿ ಆ ಸಲ ಹದಿನೈದು ದಿನ ಉಳಿದರು. ಆಮೇಲೂ ಗಂಜಿಯ ದಿನಗಳೇ ಹೆಚ್ಚು. ತೂಕ ನಿಧಾನಕ್ಕೆ ಏರಿತು, ನಡುವೆ ಇಳಿದದ್ದೂ ಉಂಟು. ಸುಗ್ಗಿ ಮುಗಿದ ಮೇಲೆ ಬ್ಯಾಡಗಿಗೆ ಮರಳಿದೆವು. ಈಗ ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಂದೊಪ್ಪತ್ತು ಅಂಗಡಿಯಲ್ಲಿ ಕೂರುತ್ತಾರೆ. ಕಾಯಿ ಮುರಿದು ನೋಡುತ್ತಾರೆ, ನಾಲಿಗೆಗೆ ಮುಟ್ಟಿಸುವ ಕೆಲಸ ಮೈದುನನದು. ತೋರಿಸಿಕೊಳ್ಳಲು ಹುಬ್ಬಳ್ಳಿಗೆ ಹೊರಟಾಗಲೆಲ್ಲ ಹಳೆಯ ರಿಪೋರ್ಟುಗಳನ್ನು ನಾನು ಎರಡೆರಡು ಸಲ ಎಣಿಸಿಕೊಳ್ಳುತ್ತೇನೆ.

ಭಾನುವಾರದ ಸೋಯಾ ಮಸಾಲೆ ಮಾತ್ರ ತಪ್ಪಿಲ್ಲ. ನನಗೆ ಆ ವಾಸನೆ ಬಂದರೆ ಈಗಲೂ ಮೈಯೆಲ್ಲ ಭಾರವಾಗುತ್ತದೆ. ಹೋದ ವಾರ ಅದನ್ನು ಹೇಳಿಯೇ ಬಿಟ್ಟೆ. ಅವರು ಬೆಂದ ಕಾಳಿನ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. ಮಿಕ್ಸರು ಹಾಕಲು ಬರದೆ ಕೈಯಲ್ಲೇ ಕಿವುಚಿದರು. ಗಂಟು ಗಂಟಾಗಿಯೇ ಉಳಿಯಿತು. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿದೆ.