ಹಲಸಿನ ಗಿಡದ ಅಂಬಾ

ರೊಟ್ಟಿ ಬಡಿಯುವವಳಿಗೆ ಯಾರೂ ಸುದ್ದಿ ತರಬಾರದು; ಹಂಚಿನ ಮೇಲಿನ ರೊಟ್ಟಿಗೆ ಕಾಯುವ ವ್ಯವಧಾನವಿಲ್ಲ. ಆದರೂ ಮೊನ್ನೆ ನಾಲ್ಕನೆಯ ರೊಟ್ಟಿ ಉಬ್ಬುವ ಶುಭಮುಹೂರ್ತದಲ್ಲೇ ನಮ್ಮ ಅತ್ತೆ ಹಿತ್ತಲದಿಂದ ಕೂಗಿದರು: “ಏ ಶಾಂತಾ, ಹಲಸಿನ ಗಿಡದಾಗ ಅಂಬಾಬಾಯಿ ಮೂಡ್ಯಾಳ, ಲಗೂನ ಬಾ!”

ರೊಟ್ಟಿ ಹೊತ್ತಿತು, ನಾನು ಹೋದೆ. ಯಾರೋ ಅರ್ಧ ರೊಟ್ಟಿ ಮುರಿದು ಬೊಡ್ಡೆಗೆ ಅಂಟಿಸಿದಂತೆ ಇದ್ದದ್ದು ಕಟ್ಟಿಗೆಯಷ್ಟೇ ಗಟ್ಟಿಯಾದ ಕಂದು ಅಣಬೆ. ವಾರದ ಹಿಂದೆಯೇ ಅದನ್ನು ಕಂಡು, ಗಿಡ ಒಳಗೆ ಕೊಳೆತಿದೆ ಎಂದು ಎಲ್ಲರಿಗೂ ಹೇಳಿ, ಕಡಿಯುವವನನ್ನು ಮೊನ್ನೆಗೇ ಬರಹೇಳಿದ್ದೆ. ಯಾಕೆಂದರೆ ಗಿಡ ವಾಲಿದ್ದು ಬಚ್ಚಲದ ಮಾಡಿನ ತಗಡು, ಪತ್ರಾಸಿನ ಮೇಲೆ. ಆ ಪತ್ರಾಸಿನ ಕೆಳಗೆ ನಿತ್ಯ ನಸುಕಿನಲ್ಲಿ ನಾಮಸ್ಮರಣೆ ಮಾಡುತ್ತ ಮೀಯುವವರು ಸ್ವತಃ ಅತ್ತೆಯೇ.

ಅಣಬೆಗೆ ದೈವತ್ವ ಬಂದ ಬಗೆ ಹೀಗೆ. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಗೋಡೆಯ ಈಚೆ ಕನ್ನಡ, ಆಚೆ ಮರಾಠಿ. ಆಚೆಯ ಸುಶೀಲಾ ವೈನಿ ಕೊಗನೊಳ್ಳಿ ಕಡೆಯವರು, ಅದನ್ನು ಕಂಡು “ಫಣಸೋಂಬಾ!” ಎಂದರಂತೆ; ಮರಾಠಿಯಲ್ಲಿ ಆ ಅಣಬೆಯ ಹೆಸರೇ ಅದು. ಫಣಸ ಎಂದರೆ ಹಲಸು ಎಂಬುದು ಅತ್ತೆಗೆ ಗೊತ್ತು. ಉಳಿದರ್ಧದ ‘ಓಂಬಾ’ವನ್ನು ಭಕ್ತಿ ‘ಅಂಬಾ’ ಎಂದು ತುಂಬಿಕೊಂಡಿತು. ಒಂದು ಸ್ವರ ಜಾರಿದ್ದಕ್ಕೆ ಕೊಲ್ಲಾಪುರದ ದೇವಿ ಬಸ್ಸಿನ ಟಿಕೀಟೂ ಇಲ್ಲದೆ ನಮ್ಮ ಹಿತ್ತಲದಲ್ಲಿ ಇಳಿದುಬಿಟ್ಟಳು! ಅರಿಸಿನ, ಕುಂಕುಮ, ಹೆಪ್ಪು ಹಾಕಲು ನಾನು ಎತ್ತಿಟ್ಟಿದ್ದ ಹಾಲು, ಎಲ್ಲವೂ ಅಣಬೆಗೆ ಅರ್ಪಣೆ. ನಾನೂ ದೀಪ ಹಚ್ಚದೆ ಚಹಾ ಕುಡಿಯದವಳೇ, ಆದರೆ ಅಣಬೆಗೆ ಅಭಿಷೇಕವೇ?

ಕಡಿಯುವ ಮಲ್ಲಪ್ಪ ಬಂದವನು ಕುಂಕುಮ ಕಂಡು ಕೊಡಲಿ ಇಳಿಸಿದ. “ನಾ ಒಲ್ಲೆ ಬಿಡ್ರೀ ಅಕ್ಕಾರ, ಮನ್ಯಾಗ ಸಣ್ಣ ಮಕ್ಕಳದಾವ.”

ಅಷ್ಟರಲ್ಲಿ ಸುಶೀಲಾ ವೈನಿ ಕಲ್ಲು ತಂದು, ಕುಟ್ಟಿ, ದೇವಿಯ ಒಂದು ಅಂಚನ್ನೇ ಮುರಿದುಕೊಂಡರು. ಅತ್ತೆ ಕಿರುಚಿದರು.

“ಅಹೋ, ಇದ ಔಷಧ ಐತ್ರೀ ಕಾಕೂ! ಮೊಮ್ಮಗಳ ಬಾಯಾಗ ಹುಣ್ಣ ಆಗ್ಯಾವು, ತೇದು ಹಚ್ಚತೇನಿ.”

ಅತ್ತೆ ಸೋಲುವವರೇ? “ಕೂಸಿನ ಹುಣ್ಣ ಮಾಯಿಸಾಕಿ ದೇವಿ ಅಲ್ಲದ ಮತ್ಯಾರವ್ವಾ?”

ಹೆಸರಿನಲ್ಲಿದ್ದ ಶಾಂತಿಯೂ ಅಲ್ಲಿಗೆ ಮುಗಿಯಿತು. ಮಲ್ಲಪ್ಪನ ಕೊಡಲಿ ಕಸಿದು ಅದರ ಹಿಂಬದಿಯಿಂದ ಬೊಡ್ಡೆಗೆ ಹೊಡೆದೆ. ಖಾಲಿ ಕೊಡದಂತೆ ಬೊದ್ದೆಂದಿತು. “ಕೇಳಿದ್ರಿಲ್ಲ ಅತ್ತಿ? ಒಳಗ ಪೂರಾ ಪೊಳ್ಳು. ದೇವಿ ಬಂದಿದ್ದ ಖರೇ ಇದ್ರ, ಇದನ್ನ ಹೇಳಾಕ ಬಂದಾಳ!”

ಸಿಟ್ಟಿನಲ್ಲಿ ಆಡಿದ ಮಾತು, ಆಡಿದ ಮೇಲೆ ನನಗೇ ನಿಜವೆನಿಸಿತು. ವರ್ಷಗಟ್ಟಲೆ ಸದ್ದಿಲ್ಲದೆ ತಿರುಳು ತಿನ್ನುವಂಥದ್ದು, ಬೀಳುವ ಮೊದಲು ಒಮ್ಮೆ ಹೊರಗೆ ಮುಖ ತೋರಿಸಿತಲ್ಲ, ಅಷ್ಟು ಕೃಪೆಯನ್ನೂ ಅಲ್ಲಗಳೆಯಲಾರೆ.

ಅತ್ತೆ ಗಿಡ ನೋಡಿದರು, ಪತ್ರಾಸು ನೋಡಿದರು. “ನೀ ವಾರದಿಂದ ಹೇಳಾಕತ್ತಿದ್ದು ಇದನ್ನ ಏನು?”

“ಹೂನ್ರಿ.”

“ಹಿಂಗ ತಿಳಿಯೂವಂಗ ಹೇಳಬೇಕಿಲ್ಲೋ ಮತ್ತ!”

ಅತ್ತೆಯೇ ಕೈಮುಗಿದು ಅಪ್ಪಣೆ ಕೊಟ್ಟ ಮೇಲೆ, ಮಲ್ಲಪ್ಪನೂ ಓಣಿಯವರೂ ಹಗ್ಗ ಕಟ್ಟಿ ಬಚ್ಚಲದಿಂದ ದೂರಕ್ಕೆ ಎಳೆದು ಗಿಡ ಕೆಡವಿದರು. ಉಳಿದ ಬೊಡ್ಡೆಯ ಪೊಟರೆಯಲ್ಲಿ ಮಲ್ಲಪ್ಪನ ತೋಳು ಹೆಗಲಮಟ ಇಳಿಯಿತು. ಆಮೇಲೆ ಅತ್ತೆ, ಕುಂಕುಮ ಹಚ್ಚಿದ ಗಿಡ ಕಡಿಸಿದ್ದಕ್ಕೆ ಇನ್ನೊಮ್ಮೆ ತಲೆಮೇಲೆ ನೀರು ಹಾಕಿಕೊಳ್ಳಲೇಬೇಕೆಂದು ಟಾವೆಲ್ಲು ಹಿಡಿದು ಬಚ್ಚಲಕ್ಕೆ ನಡೆದರು. ನಾನು ಹಂಡೆ ತುಂಬಿಸಿ ನೀರೊಲೆ ಊದುತ್ತ ಕುಳಿತೆ.