ಗೋಡೆಯಾಚೆಯ ಹಿಮ

ಸಲ್ಮಿನಾಜಳ ಮನೆಗೆ ಹೊಟ್ಟೆಬಾಕತನ, ಚಳಿಗಾಲಕ್ಕೊಂದು ತುತ್ತು ಗುಡ್ಡ ನುಂಗದಿದ್ದರೆ ಅದಕ್ಕೆ ನಿದ್ದೆ ಬಾರದು ಎಂದು, ಬಂಡೆ ಕೊರೆದು ಮನೆ ಮಾಡಿಕೊಂಡ ಊರಾದ ಕಂದೋವಾನಿನ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಹುತ್ತದಂತೆ ಚೂಪಾಗಿ ನಿಂತ ಬಂಡೆಯ ಹೊಟ್ಟೆಯೊಳಗೆ ಅವಳ ಮನೆ. ಚಳಿಗಾಲಕ್ಕೆ ಕುರಿಗಳು ಕೊಟ್ಟಿಗೆ ಸೇರಿದವೆಂದರೆ ಅವಳ ಕೈಗೆ ಪಿಕಾಸಿ ಬರುತ್ತಿತ್ತು. ಹಾಸಿಗೆಗೊಂದು ಗೂಡು, ಜೇನಿನ ಗಡಿಗೆಗೊಂದು ಗೂಡು ಎಂದು ಕಲ್ಲು ಕಡಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ.

ಬೇಸಿಗೆಯಲ್ಲಿ ಊರು ನೋಡಲು ಬರುವವರಿಗೆ ಬಂಡೆಯೊಳಗೆ ಒಂದು ರಾತ್ರಿ ಮಲಗುವ ಆಸೆ. ಬಂದವರನ್ನು ಬರಿಯ ಚಹಾ ಕುಡಿಸಿ ಕಳಿಸುವುದು ಅವಳಿಗೆ ಕೊರತೆಯೆನಿಸುತ್ತಿತ್ತು. ಆ ಚಳಿಗಾಲ ಅವರಿಗೆಂದೇ ಒಂದು ಕೋಣೆ ಕಡಿಯತೊಡಗಿದಳು.

ಅಲ್ಲಿ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾರೆ. ಟೊಳ್ಳು ದನಿ ಬಂದರೆ ಗೋಡೆ ತೆಳುವಾಯಿತೆಂದು ನಿಲ್ಲಿಸಬೇಕು, ಗಟ್ಟಿ ದನಿ ಬಂದರೆ ಇನ್ನೂ ಕಡಿಯಬಹುದು. ಸಲ್ಮಿನಾಜ್ ತಟ್ಟುತ್ತ ಹೋದಳು, ಗೋಡೆ ಗಟ್ಟಿ, ಗಟ್ಟಿ ಎನ್ನುತ್ತಲೇ ಹೋಯಿತು. ಆಚೆ ಬದಿಯಲ್ಲಿ ಆಳೆತ್ತರದ ಹಿಮ ಒತ್ತಿ ಕೂತು ಕಲ್ಲಿನಂತಾಗಿತ್ತು. ಗಟ್ಟಿ ದನಿ ಕೊಟ್ಟದ್ದು ಗೋಡೆಯಲ್ಲ, ಅದು.

ವಸಂತದಲ್ಲಿ ಹಿಮ ಕರಗಿತು. ಒಂದು ಬೆಳಗ್ಗೆ ಹೊಸ ಕೋಣೆಯ ಗೋಡೆಯ ಸೀಳಿನಲ್ಲಿ ಬಿಸಿಲು ಕಂಡಿತು. ಬಿರುಕು ವಾರದೊಳಗೆ ಮೇಲಕ್ಕೆ ಹತ್ತಿ, ಅದೇ ಬಂಡೆಯ ಮೇಲ್ಮನೆಯಲ್ಲಿದ್ದ ನಾದಿನಿ ಜೀವರಳ ತೊಟ್ಟಿಲ ಬುಡದಲ್ಲಿ ಬಾಯಿಬಿಟ್ಟಿತು.

ಮುದುಕ ಕಲ್ಲುಕುಟಿಗ ಅಗಾಬಾಲಾ ಬಂದು ಬಿರುಕಿಗೆ ಬೆರಳು ತೂರಿಸಿ ನೋಡಿದ. "ಕಿವಿ ಕೊಟ್ಟು ಕೇಳ್ದೆ, ಸರಿ. ಒಂದ್ಸಲ ಹೊರಗೆ ಹೋಗಿ ನೋಡಬಾರದಿತ್ತೇನವ್ವ? ಕಡಿದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ. ನಿನ್ನ ಮನೆ ತುಂಬ ಕಲ್ಲು ಮಣ್ಣು ಗಿಡೀಬೇಕು. ಇಲ್ದಿದ್ರೆ ಮೇಲಿನ ಮನೆ ಕೆಳಗೆ ಕೂರುತ್ತೆ."

"ಆ ಕೋಣೆ ಮಾತ್ರ ತಾನೇ?"

"ಪೂರ್ತಿ. ಬಾಗಿಲವರೆಗೂ."

ಅವಳು ಒಪ್ಪಲಿಲ್ಲ. ಪಾಪ್ಲರ್ ಮರದ ಕಂಬ ತರಿಸಿ ಸೂರಿಗೆ ಆಧಾರವಾಗಿ ನಿಲ್ಲಿಸಿದಳು. ಊರು ನೋಡಲು ಬಂದ ತಬ್ರೀಜ್ ಪಟ್ಟಣದ ದಂಪತಿ, ಇಂಥ ತಂಪು ಮನೆಯಲ್ಲಿರುವ ನೀವೇ ಪುಣ್ಯವಂತರು ಎಂದು ಹೊಗಳಿ ಹೋದರು. ಅಂದೇ ಸಂಜೆ ಕಂಬದ ತಲೆ ಮೇಲಿನ ಬಂಡೆಯೊಳಗೆ ಬೆಣ್ಣೆಗೆ ಹೊಕ್ಕಂತೆ ಹೊಕ್ಕಿತು. ಸೂರಿನಿಂದ ಪುಡಿ ಉದುರುತ್ತಲೇ ಇತ್ತು. ಜೀವರ್ ಮಗುವನ್ನು ಎತ್ತಿಕೊಂಡು ಕೆಳಗಿಳಿದು ಬಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಸಲ್ಮಿನಾಜಳಿಗೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

"ಅತ್ತಿಗೆ, ನೀನೇ ಹೇಳು. ಇವನನ್ನ ಎಲ್ಲಿ ಮಲಗಿಸಲಿ?"

ಮರುದಿನ ಸಲ್ಮಿನಾಜಳ ಕಂಬಳಿ, ಪಾತ್ರೆ, ಕುರಿ ಎಲ್ಲ ಹೊರಗಾದವು. ಊರ ಗಂಡಸರು ಹೊಳೆಯಿಂದ ಕಲ್ಲು ಹೊತ್ತು ತಂದು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತರು. ಅವಳು ಬರಿದಾದ ಮನೆಯ ನಡುವೆ ನಿಂತೇ ಇದ್ದಳು. ಅವಳಿರುವಾಗ ಒಳಗೆ ಕಲ್ಲು ಹಾಕಲು ಯಾರಿಗೂ ಮನಸ್ಸಿಲ್ಲ, ಹೊರಗೆ ಬಾ ಎನ್ನಲು ಬಾಯಿಲ್ಲ. ಕೊನೆಗೆ ಜೀವರ್ ಒಳಗೆ ಬಂದು ಮೊಣಕೈ ಹಿಡಿದಳು.

"ಬಾ ಅತ್ತಿಗೆ. ಪಾಪ, ಭಾರ ಹೊತ್ಕೊಂಡು ನಿಂತಿದ್ದಾರೆ."

ಸಲ್ಮಿನಾಜ್ ತಲೆ ಬಗ್ಗಿಸಿ ಬಾಗಿಲು ದಾಟಿದಳು. ಮುಂದೆ ನಿಂತಿದ್ದವನು ಕಲ್ಲನ್ನು ಎದೆಗವಚಿಕೊಂಡು, ಅವಳಿಗೆ ದಾರಿ ಬಿಡಲು ಬಂಡೆಗೆ ಒತ್ತಿಕೊಂಡ.