ಹಣೆಯ ಮೇಲಿನ ಬಿಸಿಲು

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ನಾನೊಂದು ಸಣ್ಣ ಸ್ಟುಡಿಯೋ ಇಟ್ಟಿದ್ದೆ. ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಎಂ.ಸಿ.ಸಿ. ಬಡಾವಣೆಯ ಹಿರಿಯ ಬಟ್ಟೆ ವ್ಯಾಪಾರಿಯೊಬ್ಬರು ಹರಿಹರದ ಹೊಳೆ ದಂಡೆಯಲ್ಲಿ ತಮ್ಮದೊಂದು ಕಪ್ಪು-ಬಿಳುಪು ಫೋಟೋ ಬೇಕೆಂದರು. ಸಂಜೆಯವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ನಡುಮಧ್ಯಾಹ್ನವೇ ತೆಗೆದುಬಿಟ್ಟೆ.

ಪ್ರಿಂಟ್ ನೋಡಿದರೆ ಹಣೆ ಪೂರ್ತಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಸಣ್ಣ ಬ್ರಷ್ಷಿನಿಂದ ಆ ಬಿಳುಪಿನ ಮೇಲೆ ಬೂದು ಬಣ್ಣ ಕೂರಿಸಿ ನುಣ್ಣಗೆ ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡು, ಕಟ್ಟು ಹಾಕಿಸಿ ಅವರ ಮನೆಗೇ ಒಯ್ದೆ.

ಅವರ ಹೆಂಡತಿ ಫೋಟೋ ನೋಡಿ, "ವಿಭೂತಿ ಎಲ್ಲಿ ಹೋತ್ರೀ?" ಅಂದರು.

ಬಿಸಿಲಿನ ಜೊತೆ ವಿಭೂತಿಯನ್ನೂ ಅಳಿಸಿಹಾಕಿದ್ದೆ. ಅದಿಲ್ಲದ ಆ ಹಣೆಯನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಸರಿಮಾಡುವ ಅವಸರದಲ್ಲಿ, ಟೀಪಾಯಿ ಮೇಲಿದ್ದ ವಿಭೂತಿ ಗಟ್ಟಿಗೆ ಬೆರಳು ತಿಕ್ಕಿ, ಫೋಟೋದ ಗಾಜಿನ ಮೇಲೆ ಮೂರು ಗೆರೆ ಎಳೆದೇಬಿಟ್ಟೆ.

"ಅಯ್ಯೋ, ಒರೆಸ್ರಿ ಅದನ್ನ! ಬದುಕಿರೋರ ಫೋಟೋಕ್ಕೆ ಯಾರಾದ್ರೂ ವಿಭೂತಿ ಹಚ್ತಾರೇನ್ರಿ? ಅದು ಸತ್ತೋರಿಗೆ!" ಆಕೆಯ ಕಣ್ಣು ತುಂಬಿಬಂದವು.

ಹಿರಿಯರು ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿದರು. ಆಮೇಲೆ ನನ್ನತ್ತ ತಿರುಗಿದರು.

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ಹೋಗೋಣ್ರಿ. ಬಿಸಿಲು ಏರೋದ್ರೊಳಗೆ ತೆಗೀರಿ. ಆದ್ರೆ ಆಮ್ಯಾಲೆ ನನ್ನ ಮಖ ಮಾತ್ರ ಮುಟ್ಟಬ್ಯಾಡ್ರಿ."